ಹಂಪಿ ಬಜಾರಿನ ಕಂಬಗಳು

ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿ.ಮೀ. ಬಸ್ಸಿಳಿದ ಕೂಡಲೇ ಎಲ್ಲರೂ ವಿರೂಪಾಕ್ಷನ ಗುಡಿಗೆ ಹೋಗುತ್ತಾರೆ. ಹೋಗಬೇಕಾದ್ದೇ. ಆದರೆ ದರ್ಶನ ಮುಗಿಸಿ ಬಂದ ಮೇಲೆ, ಗೋಪುರದ ಮುಂದಿನ ಬೀದಿಯಲ್ಲಿ ಎದುರು ಬಸವಣ್ಣನವರೆಗೆ ನಿಧಾನವಾಗಿ ನಡೆಯಿರಿ. ಎರಡೂ ಬದಿಗೆ ಕಲ್ಲಿನ ಸಾಲುಮಂಟಪಗಳು. ಇದೇ ಹಂಪಿ ಬಜಾರ್. ವಿಜಯನಗರದ ಕಾಲದ ಪೇಟೆ ಇದು. 2011ರವರೆಗೂ ಈ ಮಂಟಪಗಳಲ್ಲಿ ಅಂಗಡಿ, ಹೋಟೆಲು, ಮನೆಗಳಿದ್ದದ್ದು ಹಿರಿಯರಿಗೆ ನೆನಪಿರಬಹುದು.

ಕಳೆದ ಸಲ ಏಳನೇ ಕ್ಲಾಸಿನ ಮೊಮ್ಮಗಳು ಜೊತೆಗಿದ್ದಳು. “ಅಜ್ಜಾ, ಕಂಬಗಳನ್ನ ಇಷ್ಟು ಹತ್ತಿರ ಹತ್ತಿರ ಯಾಕೆ ನಿಲ್ಲಿಸಿದಾರೆ?” ಎಂದು ಕೇಳಿದಳು.

ಉತ್ತರ ಸೀಮೆಸುಣ್ಣದಲ್ಲಿದೆ ಮಕ್ಕಳೇ. ಒಂದು ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಒತ್ತಿ, ಸುಲಭಕ್ಕೆ ಮುರಿಯುವುದಿಲ್ಲ. ಅದನ್ನೇ ಎರಡು ಪುಸ್ತಕಗಳ ಮೇಲೆ ಅಡ್ಡಲಾಗಿಟ್ಟು ನಡುವೆ ಒತ್ತಿ, ಪಟ್ಟೆಂದು ಮುರಿಯುತ್ತದೆ. ಕಲ್ಲಿನ ಗುಣವೂ ಹೀಗೆಯೇ. ನಿಂತ ಕಂಬ ಬಹಳ ಭಾರ ಹೊರುತ್ತದೆ. ಅಡ್ಡ ಮಲಗಿದ ತೊಲೆ ತೀರಾ ಉದ್ದವಾದರೆ ನಡುವೆ ಬಿರಿಯುತ್ತದೆ. ಅದಕ್ಕೇ ಕಂಬಗಳು ಹತ್ತಿರ. ಕಂಬದ ತಲೆಯ ಮೇಲಿನ ಬೋದಿಗೆ ಬರೀ ಅಲಂಕಾರವಲ್ಲ. ಎರಡೂ ಕಡೆ ಕೈಚಾಚಿ ತೊಲೆಯನ್ನು ಹೊರುತ್ತದೆ.

ಗ್ರೀಸ್ ದೇಶದ ಅಥೆನ್ಸಿನಲ್ಲಿ ಸುಮಾರು 2,450 ವರ್ಷಗಳ ಹಿಂದೆ ಕಟ್ಟಿದ ಪಾರ್ಥೆನಾನ್ ಗುಡಿಯದೂ ಇದೇ ಲೆಕ್ಕ: ಕಂಬ, ಅದರ ಮೇಲೆ ತೊಲೆ. ಅಲ್ಲಿ ಅಮೃತಶಿಲೆ, ಇಲ್ಲಿ ನಮ್ಮದೇ ಗುಡ್ಡದ ಗ್ರಾನೈಟ್. ಬಂಡೆ ಸೀಳಲು ಸಾಲಾಗಿ ಕೊರೆದ ಕುಳಿಗಳು ಹಂಪಿಯ ಸುತ್ತ ಈಗಲೂ ಕಾಣುತ್ತವೆ. ವಿರೂಪಾಕ್ಷನ ಗೋಪುರ ನೋಡಿ: ತಳ ಕಲ್ಲಿನದು, ಮೇಲಿನ ಅಂತಸ್ತುಗಳು ಇಟ್ಟಿಗೆ, ಗಾರೆಯವು. ಎತ್ತರ ಹೋದಂತೆ ಭಾರ ಕಡಿಮೆಯಿರಲಿ ಎಂಬ ಜಾಣತನ.

ಮಂಟಪದ ಕಂಬಕ್ಕೂ ತೊಲೆಗೂ ನಡುವೆ ಗಾರೆಯ ಅಂಟಿಲ್ಲ. ಮೇಲಿನ ಭಾರವೇ ಕೆಳಗಿನದನ್ನು ಅಲುಗದಂತೆ ಹಿಡಿದಿರುತ್ತದೆ. ಬ್ಯಾಂಕಿನ ಲೆಡ್ಜರಿನಲ್ಲಿ ಒಂದು ರೂಪಾಯಿ ತಪ್ಪಿದರೂ ಇಡೀ ಪುಟ ಹೊಂದುವುದಿಲ್ಲ. ಇಲ್ಲಿಯೂ ಹಾಗೆಯೇ, ಒಂದು ಕಲ್ಲು ಹೋದರೆ ಪಕ್ಕದ್ದಕ್ಕೂ ಕೇಡು. ಚಾವಣಿ ಕಳೆದುಕೊಂಡ ಕಂಬವಂತೂ ಅನಾಥ. 2019ರಲ್ಲಿ, ಹಂಪಿಯ ಗುಡಿಯೊಂದರ ಇಂಥ ಒಂಟಿ ಕಂಬವನ್ನು ತಳ್ಳಿ ಕೆಡವಿದ ವಿಡಿಯೊ ಎಲ್ಲೆಡೆ ಹರಿದಾಡಿತು. ಹೊಸಪೇಟೆಯ ನ್ಯಾಯಾಲಯ ನಾಲ್ವರು ಯುವಕರಿಗೆ ತಲಾ 70,000 ರೂಪಾಯಿ ದಂಡ ಹಾಕಿ, ಅವರ ಕೈಯಲ್ಲೇ ಕಂಬವನ್ನು ಮತ್ತೆ ನಿಲ್ಲಿಸಿತು. 2024ರ ಮೇ ತಿಂಗಳಲ್ಲಿ ಮಳೆಗೆ ಇದೇ ಬಜಾರಿನ ಸಾಲುಮಂಟಪದ ಒಂದು ಭಾಗ ಕುಸಿಯಿತು. 1565ರ ಯುದ್ಧದ ನಂತರದ ಹಾಳುಗೆಡವಿಕೆಯಲ್ಲೂ ಉಳಿದಿದ್ದ ಕಲ್ಲುಗಳು ಅವು.

ಆದ್ದರಿಂದ ಮಕ್ಕಳೇ, ಫೋಟೊಕ್ಕೆಂದು ಮಂಟಪ ಹತ್ತಬೇಡಿ, ಒಂಟಿ ಕಂಬಕ್ಕೆ ಒರಗಬೇಡಿ. ಅಜ್ಜ-ಅಜ್ಜಿಯರು ಬೆಳಗಿನ ತಂಪಿನಲ್ಲೇ ಹೊರಡುವುದು ಲೇಸು, ಬಿಸಿಲೇರಿದರೆ ಕಲ್ಲು ಕಾಯುತ್ತದೆ. ಚೀಲದಲ್ಲಿ ನೀರು, ಟೋಪಿ, ಒಂದು ಸೀಮೆಸುಣ್ಣ ಇರಲಿ. ಕಲ್ಲಿನ ಮೇಲೆ ಹೆಸರು ಬರೆಯಲಿಕ್ಕಲ್ಲ, ಮೊಮ್ಮಕ್ಕಳಿಗೆ ಮುರಿದು ತೋರಿಸಲಿಕ್ಕೆ!