ಗೃಹಸ್ಥನ ಗಣಕಯಂತ್ರ

ಉಪಕರಣವೊಂದರ ಯೋಗ್ಯತೆಯನ್ನು ಅದು ನೀಡುವ ಸೌಕರ್ಯದಿಂದ ಅಳೆಯುವುದು ಲೋಕರೂಢಿ. ಶಿವಮೊಗ್ಗದ ರವೀಂದ್ರನಗರದಲ್ಲಿ ನೆಲೆಸಿರುವ ಹಿರಿಯ ಗೃಹಸ್ಥರೊಬ್ಬರ ಅಳತೆಗೋಲು ಬೇರೆ. ತಂತ್ರಾಂಶವಾಗಲಿ, ಅಂತರಜಾಲದ ಸೇವೆಯಾಗಲಿ, ಮೂರು ಪ್ರಶ್ನೆಗಳನ್ನು ಕೇಳದೆ ಅವರು ಅದನ್ನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಇದು ನ್ಯಾಯವಾಗಿ ಬಂದ ವಸ್ತುವೆ? ಇದು ತನ್ನ ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚನ್ನು ಕೇಳುತ್ತಿದೆಯೆ? ನಾಳೆ ಇದನ್ನು ಬಿಡಬೇಕಾಗಿ ಬಂದರೆ ಇದರಲ್ಲಿ ಇಟ್ಟದ್ದು ಇಟ್ಟವನಿಗೆ ಹಿಂದಿರುಗುವುದೆ? ಈ ಪ್ರಶ್ನೆಗಳನ್ನು ಅವರು ಗ್ರಂಥಗಳಿಂದ ಕಲಿಯಲಿಲ್ಲ. ತಮ್ಮದೇ ಒಂದು ತಪ್ಪಿನಿಂದ ಕಲಿತರು.

ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಗೊಂಡು, ಈಗ ಉತ್ಪಾದನೆ ನಿಲ್ಲಿಸಿರುವ ಮೈಸೂರು ಕಾಗದ ಕಾರ್ಖಾನೆಯಲ್ಲಿ ಅವರು ಲೆಕ್ಕಪತ್ರದ ಕೆಲಸ ಮಾಡಿದವರು. ಕಾಗದದ ನಡುವೆ ಜೀವಮಾನ ಕಳೆದ ಈ ವ್ಯಕ್ತಿಗೆ ಗಣಕಯಂತ್ರದ ಮೇಲೆ ಹುಟ್ಟಿದ ಮೋಹ ಮನೆಯವರಿಗೂ ಅಚ್ಚರಿಯ ವಿಷಯವಾಗಿತ್ತು. ಬೀದಿಯಲ್ಲಿ ಯಾರ ಮನೆಯ ಯಂತ್ರ ಕೆಟ್ಟರೂ ಅವರಿಗೇ ಕರೆ ಬರುತ್ತಿತ್ತು. ಅವರು ಹೋಗುತ್ತಿದ್ದರು, ಸರಿಪಡಿಸುತ್ತಿದ್ದರು, ಕಾಫಿಯನ್ನೂ ಮುಟ್ಟದೆ ಹಿಂದಿರುಗುತ್ತಿದ್ದರು.

2002ರಲ್ಲಿ, ಬಸದಿಯ ಟ್ರಸ್ಟಿನ ದಫ್ತರಗಳನ್ನು ಗಣಕಯಂತ್ರಕ್ಕೆ ಏರಿಸಬೇಕೆಂದು ಪಟ್ಟು ಹಿಡಿದವರು ಅವರೇ. ಮಲೆನಾಡಿನ ಸೆರಗಿನ ಊರು. ಮಳೆಗಾಲದ ತೇವಕ್ಕೂ ಗೆದ್ದಲಿಗೂ ಹಳೆಯ ಪುಸ್ತಕಗಳು ಜೀರ್ಣವಾಗುತ್ತಿದ್ದವು. ಅವುಗಳಲ್ಲಿ ಮುಖ್ಯವಾದುದು ಶಾಶ್ವತ ಪೂಜೆಗಳ ಪುಸ್ತಕ. ಯಾವ ತಿಥಿಯಂದು, ಯಾರ ಸ್ಮರಣೆಯಲ್ಲಿ, ಯಾವ ಪೂಜೆ ನಡೆಯಬೇಕು ಎಂಬ ವಿವರವೆಲ್ಲ ಅದರಲ್ಲಿತ್ತು. ಎರಡು ತಿಂಗಳು ರಾತ್ರಿ ಕುಳಿತು ಅವರು ಪಟ್ಟಿಯನ್ನು ಬೆರಳಚ್ಚಿಸಿದರು. ಮೂಲಧನದ ಲೆಕ್ಕವನ್ನು ಬೇರೊಂದು ಲೆಕ್ಕಪತ್ರದ ತಂತ್ರಾಂಶದಲ್ಲಿ ಬರೆದಿಟ್ಟರು. ಮುಂದೆ ಕಾರ್ಯಾಲಯಕ್ಕೆ ಸುಣ್ಣ ಬಳಿಯುವಾಗ ಗೆದ್ದಲು ಹಿಡಿದ ಪುಸ್ತಕಗಳನ್ನು ಯಾರೋ ಹೊರಗೆ ಹಾಕಿದರು. ಯಂತ್ರದಲ್ಲಿ ಇದೆಯಲ್ಲ ಎಂಬ ಧೈರ್ಯ ಎಲ್ಲರಿಗೂ ಇತ್ತು.

2019ರಲ್ಲಿ ಆ ಯಂತ್ರ ನಿಂತುಹೋಯಿತು. ಕಡತಗಳನ್ನು ಹೊಸ ಯಂತ್ರಕ್ಕೆ ವರ್ಗಾಯಿಸಿ ತೆರೆದಾಗ ಪೂಜೆಗಳ ಪಟ್ಟಿಯಲ್ಲಿ ಒಂದು ಕನ್ನಡ ಅಕ್ಷರವೂ ಕಾಣಲಿಲ್ಲ. ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಇದ್ದವು. ಲೆಕ್ಕದ ಕಡತವಂತೂ ತೆರೆಯಲೇ ಇಲ್ಲ. ಅದೇ ವಾರ ವೃದ್ಧೆಯೊಬ್ಬರು ಕಾರ್ಯಾಲಯಕ್ಕೆ ಬಂದು, ತಮ್ಮ ಯಜಮಾನರ ಹೆಸರಿನ ಶ್ರಾವಣದ ಪೂಜೆ ಈ ವರ್ಷ ಯಾವ ದಿನ ಬರುತ್ತದೆಂದು ಕೇಳಿದರು. ಉತ್ತರ ಹೇಳಲು ಯಾರಿಂದಲೂ ಆಗಲಿಲ್ಲ. ಸಂಗತಿಯನ್ನು ತಿಳಿಸಿದಾಗ ಆಕೆ ಕೋಪಿಸಿಕೊಳ್ಳಲಿಲ್ಲ. “ಯಂತ್ರ ಹೋದರೆ ಹೋಗಲಿ ಅಣ್ಣಾ, ಅವರ ಹೆಸರು ಹೋಗದಿದ್ದರೆ ಸಾಕು” ಎಂದಷ್ಟೇ ಹೇಳಿದರು. ಆ ರಾತ್ರಿ ಹಿರಿಯರಿಗೆ ನಿದ್ರೆ ಬರಲಿಲ್ಲ.

ಪಟ್ಟಿ ಏಕೆ ಹಾಗಾಯಿತೆಂಬುದನ್ನು ಅರಿಯಲು ಕನ್ನಡ ಗಣಕೀಕರಣದ ಚರಿತ್ರೆಯನ್ನು ತುಸು ನೋಡಬೇಕು. ಯಂತ್ರಕ್ಕೆ ಅಕ್ಷರ ತಿಳಿಯದು, ಸಂಖ್ಯೆಯಷ್ಟೇ ತಿಳಿಯುತ್ತದೆ. ಆ ಕಾಲದ ಅನೇಕ ಕನ್ನಡ ಅಕ್ಷರಶೈಲಿಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಆಕೃತಿಗಳನ್ನು ಕೂರಿಸಿದ್ದವು. ಅದೇ ಅಕ್ಷರಶೈಲಿ ಯಂತ್ರದಲ್ಲಿದ್ದರೆ ಕನ್ನಡ ಕಾಣುತ್ತಿತ್ತು. ಇಲ್ಲವಾದರೆ ಕೆಳಗಿದ್ದ ರೋಮನ್ ಅಕ್ಷರ ಬಯಲಾಗುತ್ತಿತ್ತು. ಜಗತ್ತಿನ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸಂಖ್ಯೆ ನೀಡುವ ಯೂನಿಕೋಡ್ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳು ದೊರೆತಿದ್ದವು. ‘ಕ’ಕಾರಕ್ಕೆ 3221 ಎಂಬ ಸಂಖ್ಯೆ, ಅದು ಯಾವ ದೇಶದ ಯಂತ್ರದಲ್ಲೂ ‘ಕ’ಕಾರವೇ. ಆದರೆ 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೆ ಆ ಬೆಂಬಲ ಸೇರಿದ ಬಳಿಕವೂ ಹಳೆಯ ಅಭ್ಯಾಸವನ್ನು ಬಿಟ್ಟವರು ಕಡಮೆ. ಹಿರಿಯರೂ ಬಿಟ್ಟಿರಲಿಲ್ಲ.

ಇದಕ್ಕಾಗಿ ಹಿಂದಿನವರನ್ನು ದೂರುವುದು ಅವರಿಗೆ ಸಮ್ಮತವಲ್ಲ. ಕನ್ನಡದ ಧ್ವನಿಕ್ರಮಕ್ಕೆ ಒಪ್ಪುವ ಕೀಲಿಮಣೆಯನ್ನು ರೂಪಿಸಿದ ಕೆ. ಪಿ. ರಾವ್, 1998ರಲ್ಲಿ ‘ಬರಹ’ವನ್ನು ಜನರ ಕೈಗಿತ್ತ ಶೇಷಾದ್ರಿವಾಸು, ‘ನುಡಿ’ಯನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತು ಇವರ ಹೆಸರುಗಳನ್ನು ಅವರು ಕೃತಜ್ಞತೆಯಿಂದಲೇ ಹೇಳುತ್ತಾರೆ. ಇದೇ ಜಿಲ್ಲೆಯ ಮಣ್ಣಿನವರಾದ ಪೂರ್ಣಚಂದ್ರ ತೇಜಸ್ವಿಯವರು, 2007ರಲ್ಲಿ ತೀರಿಕೊಳ್ಳುವ ಮುಂಚಿನ ವರ್ಷಗಳಲ್ಲಿ, ಕನ್ನಡಕ್ಕೆ ಸಮರ್ಥ ತಂತ್ರಾಂಶ ಬೇಕೆಂದು ಹಂಪಿಯ ಕನ್ನಡ ವಿಶ್ವವಿದ್ಯಾಲಯದೊಡನೆ ದುಡಿದುದನ್ನೂ ಸ್ಮರಿಸುತ್ತಾರೆ. ಹಳೆಯ ಸಂಕೇತಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕವೊಂದರ ನೆರವಿನಿಂದ ಪಟ್ಟಿಯ ಬಹುಭಾಗ ಕೊನೆಗೂ ಮರಳಿತು. ಒತ್ತಕ್ಷರಗಳೂ ಅರ್ಕಾವತ್ತೂ ಅಲ್ಲಲ್ಲಿ ಸ್ಥಾನಪಲ್ಲಟವಾಗಿದ್ದವು. ಒಂದೊಂದು ಹೆಸರನ್ನೂ ಅವರು ಕೈಯಿಂದ ತಿದ್ದಿದರು.

ಲೆಕ್ಕದ ಕಡತದ ಕಥೆ ಹೀಗೆ ಮುಗಿಯಲಿಲ್ಲ. ಅದು ತನ್ನದೇ ತಂತ್ರಾಂಶದಲ್ಲಿ ಮಾತ್ರ ತೆರೆಯುವ ಬೀಗದ ಪೆಟ್ಟಿಗೆ. ತಯಾರಕರನ್ನು ಕೇಳಬಹುದಲ್ಲವೆ ಎಂದು ಟ್ರಸ್ಟಿನ ತರುಣನೊಬ್ಬ ಸೂಚಿಸಿದಾಗ ಹಿರಿಯರು ತಲೆ ತಗ್ಗಿಸಿದರು. ಆ ತಂತ್ರಾಂಶ ಬೆಲೆ ಕೊಟ್ಟು ತಂದದ್ದಾಗಿರಲಿಲ್ಲ. ಪರಿಚಿತರೊಬ್ಬರ ಬಳಿಯಿದ್ದ ನಕಲು ಪ್ರತಿಯಿಂದ ಅವರೇ ಇಳಿಸಿಕೊಂಡಿದ್ದರು. ಟ್ರಸ್ಟಿನ ಹಣ ಉಳಿಯಿತೆಂಬ ಸಮಾಧಾನ ಆಗ ಇತ್ತು. ಕದ್ದ ಗಂಟಿಗೆ ರಸೀದಿ ಎಲ್ಲಿಂದ ಬಂದೀತು? ಗ್ರಾಹಕನಲ್ಲದವನು ಯಾವ ಮುಖ ಹೊತ್ತು ಸಹಾಯ ಕೇಳಿಯಾನು?

ಆಗಲೂ ಒಬ್ಬಿಬ್ಬರು ಆಕ್ಷೇಪಿಸಿದ್ದುಂಟು. ಅದಕ್ಕೆ ಹಿರಿಯರ ಬಳಿ ಸಿದ್ಧವಾದ ಉತ್ತರವಿತ್ತು. “ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಪ್ರತಿ ಮಾಡುವುದು ಪುಣ್ಯವಾದರೆ ಇದು ಹೇಗೆ ಪಾಪ?” ಎಂದು ಅವರು ವಾದಿಸುತ್ತಿದ್ದರು. ವಾದ ಚತುರವಾಗಿತ್ತು, ಕೇಳಿದವರು ಸುಮ್ಮನಾಗುತ್ತಿದ್ದರು. ಕಡತ ತೆರೆಯದಿದ್ದ ಆ ರಾತ್ರಿ ಅದೇ ವಾದ ಅವರನ್ನು ಬೇರೊಂದು ರೀತಿಯಲ್ಲಿ ಕಾಡಿತು. ಅತ್ತಿಮಬ್ಬೆ ಲಿಪಿಕಾರರಿಗೆ ತನ್ನ ಧನವನ್ನು ಕೊಟ್ಟಳು, ಓಲೆಗೆ ತನ್ನ ಧನವನ್ನು ಕೊಟ್ಟಳು, ಆದ ಪ್ರತಿಗಳನ್ನು ದಾನ ಮಾಡಿದಳು. ಅವಳ ಕೈಯಿಂದ ಎಲ್ಲವೂ ಹೊರಗೆ ಹೋಯಿತು. ಇವರ ಕೈಗಾದರೋ ಪರರ ಶ್ರಮ ಬೆಲೆಯಿಲ್ಲದೆ ಒಳಗೆ ಬಂದಿತ್ತು. 1984ರ ತಿದ್ದುಪಡಿಯ ತರುವಾಯ 1957ರ ಕೃತಿಸ್ವಾಮ್ಯ ಕಾಯಿದೆ ಗಣಕಯಂತ್ರದ ಕ್ರಮವಿಧಿಯನ್ನೂ ಸಾಹಿತ್ಯಕೃತಿಗಳ ಸಾಲಿನಲ್ಲಿ ಸೇರಿಸಿರುವುದು ಅವರಿಗೆ ತಿಳಿಯದ ಸಂಗತಿಯಲ್ಲ. ಕಾಯಿದೆಗಿಂತ ಬಹು ಹಿಂದೆಯೇ ತತ್ತ್ವಾರ್ಥಸೂತ್ರವು, ಬೇರೊಬ್ಬನು ಕದ್ದು ತಂದುದನ್ನು ಸ್ವೀಕರಿಸುವುದನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಒಂದೆಂದು ಎಣಿಸಿದೆ. ಸ್ವಾಧ್ಯಾಯದಲ್ಲಿ ಎಷ್ಟೋ ಸಲ ಓದಿದ್ದ ಆ ಮಾತು ತಮ್ಮ ಮೇಜಿನ ಮೇಲಿನ ಯಂತ್ರಕ್ಕೂ ಅನ್ವಯಿಸುತ್ತದೆಂದು ಅವರಿಗೆ ಹೊಳೆದಿರಲಿಲ್ಲ.

ವಾರ್ಷಿಕ ಸಭೆಯಲ್ಲಿ ಅವರು ಎದ್ದು ನಿಂತು ಎಲ್ಲವನ್ನೂ ಹೇಳಿದರು. ಆ ಮಳೆಗಾಲ ಪೂರ್ತಿ ಶಿವಮೊಗ್ಗದಿಂದ ಭದ್ರಾವತಿಯವರೆಗೆ ಮನೆಮನೆಗೆ ನಡೆದು ಹಳೆಯ ರಸೀದಿಗಳನ್ನು ಕೇಳಿದರು. ಟ್ರಂಕುಗಳಿಂದ, ದೇವರ ಗೂಡಿನಿಂದ ಹಳದಿಗಟ್ಟಿದ ಚೀಟಿಗಳು ಹೊರಬಂದವು. ವೃದ್ಧೆಯ ರಸೀದಿ ಒಂದು ಹಳೆಯ ಪಂಚಾಂಗದ ನಡುವೆ ಮಡಿಸಿದಂತೆಯೇ ಇತ್ತು. ದೊರೆಯದೆ ಉಳಿದ ಲೆಕ್ಕಗಳೂ ಉಂಟು. ಆ ಹೆಸರುಗಳ ಪೂಜೆಯನ್ನು ಮೊತ್ತ ನೋಡದೆ ನಡೆಸಬೇಕೆಂದು ಟ್ರಸ್ಟು ನಿರ್ಣಯಿಸಿತು.

ಅವರ ಮೂರು ಪ್ರಶ್ನೆಗಳು ಹುಟ್ಟಿದ್ದು ಹೀಗೆ. ಇಂದು ದಿನಬಳಕೆಯ ತಂತ್ರಾಂಶಗಳ ಬಗ್ಗೆ ಯಾರಾದರೂ ಅಭಿಪ್ರಾಯ ಕೇಳಿದರೆ ಆ ಪ್ರಶ್ನೆಗಳಿಂದಲೇ ಉತ್ತರ ಬರುತ್ತದೆ.

ರಾತ್ರಿಭೋಜನ ತ್ಯಾಗದ ನಿಯಮವಿರುವ ಮನೆಯೊಂದರಲ್ಲಿ ಸೂರ್ಯಾಸ್ತದ ಸಮಯ ತಿಳಿಸುವ ಕಿರುತಂತ್ರಾಂಶವನ್ನು ಮೊಬೈಲಿಗೆ ಹಾಕಿಸಿಕೊಂಡಿದ್ದರು. ಅದು ಬಂಧುಮಿತ್ರರ ದೂರವಾಣಿ ಸಂಖ್ಯೆಗಳನ್ನು ನೋಡಲು ಅನುಮತಿ ಬೇಡಿತು. “ಸೂರ್ಯ ಮುಳುಗುವುದಕ್ಕೂ ನಿಮ್ಮ ಭಾವಮೈದುನನ ನಂಬರಿಗೂ ಏನು ಸಂಬಂಧ?” ಎಂದು ಹಿರಿಯರು ಕೇಳಿದರು. ಸೂರ್ಯಾಸ್ತಕ್ಕೆ ಬೇಕಾದುದು ದಿನಾಂಕ ಮತ್ತು ಊರಿನ ಅಕ್ಷಾಂಶ, ರೇಖಾಂಶಗಳು ಮಾತ್ರ. ರೇಖಾಂಶದ ಒಂದು ಅಂಶಕ್ಕೆ 4 ನಿಮಿಷ; ಬೆಂಗಳೂರಿಗಿಂತ ಸುಮಾರು 2 ಅಂಶ ಪಶ್ಚಿಮಕ್ಕಿರುವ ಶಿವಮೊಗ್ಗದಲ್ಲಿ ಸೂರ್ಯ ಸುಮಾರು 8 ನಿಮಿಷ ತಡವಾಗಿ ಮುಳುಗುತ್ತಾನೆ. ಪಂಚಾಂಗ ಗುಣಿಸುವವರು ಇಷ್ಟನ್ನು ಯಾರ ಗುಟ್ಟನ್ನೂ ಕೇಳದೆ ತಿಳಿಸುತ್ತಿದ್ದರು. ಖಾಸಗಿತನ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ 2017ರ ಆಗಸ್ಟ್ 24ರಂದು ತೀರ್ಪಿತ್ತ ಮೊಕದ್ದಮೆ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರದು. ಉದ್ದೇಶಕ್ಕೆ ಅವಶ್ಯವಾದಷ್ಟು ಮಾಹಿತಿಯನ್ನು ಮಾತ್ರ ಪಡೆಯಬೇಕೆಂಬ ತತ್ತ್ವ 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯಲ್ಲೂ ಸೇರಿದೆ. ಪರಿಗ್ರಹ ಪರಿಮಾಣವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ ಎಂಬುದು ಅವರ ಅಭಿಮತ. ಸಂಗ್ರಹಕ್ಕೆ ಮಿತಿ ಬೇಕು; ಸಂಗ್ರಹವಾಗುವುದು ಧಾನ್ಯವೋ ಅನ್ಯರ ವಿವರವೋ ಎಂಬುದರಿಂದ ಧರ್ಮ ಬದಲಾಗುವುದಿಲ್ಲ.

ಯುಪಿಐ ಪಾವತಿಯನ್ನು ಅವರು ಮೆಚ್ಚುತ್ತಾರೆ. 2016ರಲ್ಲಿ ಆರಂಭವಾದ ಈ ವ್ಯವಸ್ಥೆಯಿಂದ ಕಾಣಿಕೆ ನೇರವಾಗಿ ಟ್ರಸ್ಟಿನ ಖಾತೆ ಸೇರುತ್ತದೆ. ಲೆಕ್ಕ ತಪ್ಪುವ ಸಂಭವ ಕಡಮೆ. ಆದರೂ ಹುಂಡಿಯನ್ನು ತೆಗೆಯಬೇಕೆಂಬ ಸಲಹೆಗೆ ಅವರು ಒಪ್ಪಲಿಲ್ಲ. ಯಂತ್ರದ ಮೂಲಕ ಬಂದ ಪ್ರತಿ ರೂಪಾಯಿಗೂ ಒಂದು ಹೆಸರು ಅಂಟಿರುತ್ತದೆ. ಗುಪ್ತದಾನ ಮಾಡಬಯಸುವವನಿಗೂ ಬಸದಿಯಲ್ಲಿ ಒಂದು ಅವಕಾಶ ಉಳಿದಿರಬೇಕು.

ವಾಟ್ಸಾಪ್ ಸಂದೇಶಗಳ ಒಳಮಾತನ್ನು 2016ರಿಂದ ಮೂರನೆಯವರು ಓದಲಾಗದಂತೆ ಗೂಢಲಿಪೀಕರಣ ಮಾಡಲಾಗಿದೆ. ಯಾರು ಯಾರೊಡನೆ, ಎಷ್ಟು ಹೊತ್ತಿಗೆ ಮಾತನಾಡಿದರೆಂಬುದು ಬೇರೆ ಮಾತು. ಸುದ್ದಿ ಮುಟ್ಟಿಸಲು ಅದು ಉತ್ತಮ ಸಾಧನವೆಂದು ಅವರು ಒಪ್ಪುತ್ತಾರೆ. ಆದರೆ ಟ್ರಸ್ಟಿನ ನಿರ್ಣಯಗಳು ಅಲ್ಲಿ ಹುಟ್ಟಿ ಅಲ್ಲೇ ಹೂತುಹೋಗಬಾರದು, ನಡವಳಿ ಪುಸ್ತಕಕ್ಕೆ ಬರಬೇಕು ಎಂಬುದು ಅವರ ಹಠ. ಚಿತ್ರಗಳ ವಿಷಯದಲ್ಲೂ ಹಾಗೆಯೇ. ಆರ್ಕುಟ್ 2014ರಲ್ಲಿ ಮುಚ್ಚಿತು. ಗೂಗಲ್ ಫೋಟೋಸಿನ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ರಿಂದ 15 ಜಿಬಿಯ ಲೆಕ್ಕಕ್ಕೆ ಒಳಪಟ್ಟಿತು. ಇದನ್ನು ಅವರು ವಂಚನೆಯೆನ್ನುವುದಿಲ್ಲ. ಬಾಡಿಗೆ ಕೊಡದೆ ಇದ್ದವನು, ಮನೆಯ ಯಜಮಾನ ಕರಾರು ಬದಲಿಸಿದಾಗ ದೂರಲಾಗದು. ಚಿತ್ರಗಳ ಒಂದು ಪ್ರತಿ ಮನೆಯಲ್ಲೂ ಇರಲಿ ಎನ್ನುತ್ತಾರೆ, ಅಷ್ಟೆ.

ಬೆಂಗಳೂರಿನಲ್ಲಿ ತಂತ್ರಾಂಶ ಬರೆಯುವ ವೃತ್ತಿಯಲ್ಲಿರುವ ಅವರ ಮೊಮ್ಮಗಳು ಈ ಮಾತುಗಳನ್ನು ಪೂರ್ತಿಯಾಗಿ ಒಪ್ಪುವವಳಲ್ಲ. ಟ್ರಸ್ಟಿನ ಕೆಲಸಕ್ಕೆ ಅವರು 2010ರಲ್ಲಿ ಆರಂಭವಾದ ಲಿಬ್ರೆಆಫೀಸನ್ನು ಆರಿಸಿಕೊಂಡಾಗ ಅವಳು ನಕ್ಕಳು. “ಅಜ್ಜಾ, ಕದ್ದದ್ದನ್ನು ಬಿಟ್ಟು ಪುಕ್ಕಟೆಯದನ್ನು ಹಿಡಿದಿರಿ. ಅದನ್ನು ಬರೆಯುವವರೂ ಊಟ ಮಾಡಬೇಕಲ್ಲ?” ಎಂದಳು. ಹಿರಿಯರು ತಕ್ಷಣ ಉತ್ತರಿಸಲಿಲ್ಲ. ನಕಲು ಮಾಡಲು ಕರ್ತೃಗಳೇ ಅನುಮತಿ ಕೊಟ್ಟಿರುವುದರಿಂದ ಅಲ್ಲಿ ಚೌರ್ಯವಿಲ್ಲ, ಕಡತದ ರಚನೆಯೂ ಎಲ್ಲರಿಗೂ ತೆರೆದದ್ದು ಎಂಬುದು ನಿಜ. ಆದರೆ ಕೊಡುವವನಿಗೆ ಮಾತ್ರ ದಾನದ ಫಲ, ಪಡೆದವನಿಗೆ ಋಣ. ಅಂದಿನಿಂದ ಅವರು ಪ್ರತಿ ವರ್ಷ ಪಿಂಚಣಿಯಲ್ಲಿ ಒಂದು ಸಣ್ಣ ಮೊತ್ತವನ್ನು ಅಂಥ ತಂತ್ರಾಂಶಗಳಿಗಾಗಿ ತೆಗೆದಿಡುತ್ತಾರೆ. ಹಳೆಯ ಲೆಕ್ಕದ ತಂತ್ರಾಂಶಕ್ಕೆ ಸಲ್ಲಬೇಕಾಗಿದ್ದ ಬೆಲೆಯನ್ನೂ ಅವರು ತಡವಾಗಿಯಾದರೂ ಸಲ್ಲಿಸಿದರು. ಟ್ರಸ್ಟಿನಿಂದಲ್ಲ, ತಮ್ಮ ಕೈಯಿಂದ.

ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಗ್ರಂಥದ ತಾಳೆಯೋಲೆಗಳು ಶತಮಾನಗಳ ಕಾಲ ಉಳಿದುಬಂದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅವುಗಳನ್ನು ನಕಲು ಮಾಡುವ ಕಾರ್ಯ ತೊಡಗಿತು. ಗ್ರಂಥದ ಮೊದಲ ಸಂಪುಟ 1939ರಲ್ಲಿ ಮುದ್ರಣ ಕಂಡಿತು. ಓಲೆ ಶಿಥಿಲವಾಗಿತ್ತು, ಆದರೆ ಲಿಪಿಗೆ ಯಾರೂ ಬೀಗ ಹಾಕಿರಲಿಲ್ಲ. ಆ ಹಳಗನ್ನಡ ಅಕ್ಷರಗಳನ್ನು ಕಲಿತವರು ಓದಬಹುದಾಗಿತ್ತು. ಹದಿನೇಳು ವರ್ಷದ ಕಡತವೊಂದು ಓದಲಾಗದೆ ಹೋದುದನ್ನು ಕಂಡ ಹಿರಿಯರಿಗೆ ಈ ಸಂಗತಿ ಮತ್ತೆ ಮತ್ತೆ ನೆನಪಾಗುತ್ತದೆ.

ಈಗ ಶಾಶ್ವತ ಪೂಜೆಗಳ ಪಟ್ಟಿ ಯೂನಿಕೋಡ್ ಕನ್ನಡದಲ್ಲಿದೆ. ಒಂದು ಪ್ರತಿ ಟ್ರಸ್ಟಿನ ಯಂತ್ರದಲ್ಲಿ, ಇನ್ನೊಂದು ಬೇರೆ ಮನೆಯ ಡಿಸ್ಕಿನಲ್ಲಿ, ಮೂರನೆಯದು ಕಾಗದದ ಮೇಲೆ. ಪ್ರತಿ ವರ್ಷ ದೀಪಾವಳಿಯ ಲೆಕ್ಕಪೂಜೆಗೆ ಮುನ್ನ ಮೂರನ್ನೂ ತೆರೆದು, ಅಕ್ಷರಗಳು ಸರಿಯಿವೆಯೆ ಎಂದು ಇಬ್ಬರು ಕುಳಿತು ಗಟ್ಟಿಯಾಗಿ ಓದುತ್ತಾರೆ. ಹೋದ ಬಾರಿ ಓದುವ ಸರದಿ ಮೊಮ್ಮಗಳದಾಗಿತ್ತು. ಶ್ರಾವಣದ ಸಾಲಿಗೆ ಬಂದಾಗ ವೃದ್ಧೆಯ ಯಜಮಾನರ ಹೆಸರು, ಒತ್ತಕ್ಷರ ಸಹಿತ, ತಪ್ಪಿಲ್ಲದೆ ಕೇಳಿಬಂದಿತು. ಹಿರಿಯರು ಕಾಗದದ ಪ್ರತಿಯಲ್ಲಿ ಅದರ ಮುಂದೆ ಪೆನ್ಸಿಲಿನಿಂದ ಗುರುತು ಹಾಕಿ, ಮುಂದಿನ ಹೆಸರನ್ನು ಓದಲು ಹೇಳಿದರು.