ಕಿವಿರು ಎತ್ತಿ ನೋಡಿ

ಮೀನು ಕೊಳ್ಳುವಾಗ ನನಗೆ ಮೋಸ ಮಾಡುವವರು ಬೈತಖೋಲದ ಬಂದರಿನಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು ನನ್ನ ಜಂಬ. ನೀರು ಚಿಮುಕಿಸಿ ಬಂಗಡೆಯನ್ನು ಎಷ್ಟೇ ಹೊಳೆಯಿಸಿಟ್ಟಿರಲಿ, ಕಿವಿರು ಎತ್ತಿ ಕೆಂಪಿದೆಯೇ ಎಂದು ನೋಡದೆ ನಾನು ಪರ್ಸು ತೆರೆಯುವವಳಲ್ಲ. ಇಂಥ ನಾನು 2024ರ ಮಳೆಗಾಲ ಕಳೆದ ಮೇಲೆ ಕಂಪ್ಯೂಟರ್ ಅಂಗಡಿಯಲ್ಲಿ ನಿಂತು, ಇದರ ಕಿವಿರು ಎಲ್ಲಿದೆಯೆಂದು ತಿಳಿಯದೆ ಬೆಪ್ಪಾದೆ.

ಚೀಟಿ ಎತ್ತಿದ ದುಡ್ಡು 80 ಸಾವಿರ ಕೈಯಲ್ಲಿತ್ತು. ಮಗನಿಗೆ ಆಟವಾಡಲು ಕಂಪ್ಯೂಟರ್ ಬೇಕು, ಮಗಳಿಗೆ ಚಿತ್ರ ಬರೆಯಲು. ಅವಳು ಎರಡು ವರ್ಷದಿಂದ ನನ್ನ ಹಳೆಯ ಮೊಬೈಲಿನ ಮೇಲೆ ಬೆರಳಿನಿಂದಲೇ ಬರೆಯುತ್ತಿದ್ದಳು. ಮಗ ಪಟ್ಟಿ ತಂದ: ಅರ್ಧ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ, ಬಣ್ಣದ ದೀಪಗಳ ಗಾಜಿನ ಕ್ಯಾಬಿನೆಟ್, ಸೆಕೆಂಡಿಗೆ 165 ಸಲ ಚಿತ್ರ ಬದಲಿಸುವ ಮಾನಿಟರು. ಚಿತ್ರ ಬರೆಯುವ ಪೆನ್ನಿನ ಸುದ್ದಿಯೇ ಇರಲಿಲ್ಲ. "ಇಬ್ಬರಿಗೂ ಸೇರಿ ಒಂದು ಸಾಕಲ್ಲ. ಅವನಿಗೆ ಗೊತ್ತಿದೆ, ಅವನೇ ಆರಿಸಲಿ" ಎಂದರು ಇವರು, ಪೇಪರಿನಿಂದ ತಲೆ ಎತ್ತದೆ.

'ಇಬ್ಬರಿಗೂ ಸೇರಿ' ಎಂದದ್ದೇ ತಡ, ನನಗೆ ಅಂಕೋಲೆಯ ತವರುಮನೆಯ ಸೈಕಲ್ ನೆನಪಾಯಿತು. ಅಪ್ಪ ಅದನ್ನು ಅಣ್ಣನಿಗೂ ನನಗೂ ಸೇರಿಯೇ ತಂದದ್ದು. ನಡುವೆ ಅಡ್ಡ ಸರಳಿದ್ದ ಗಂಡಸರ ಸೈಕಲ್; ಲಂಗ ಉಟ್ಟ ನಾನು ಹತ್ತುವುದೆಂತು? ಅದನ್ನು ಒರೆಸುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು. ಇಂದಿಗೂ ನನಗೆ ಸೈಕಲ್ ಬಾರದು. ಒಂದು ವಸ್ತು ಯಾರದೆಂಬುದು ಮನೆಗೆ ಬಂದ ಮೇಲಲ್ಲ, ಆರಿಸುವಾಗಲೇ ತೀರ್ಮಾನವಾಗಿಬಿಡುತ್ತದೆ. ಮರುದಿನ ಮಗಳನ್ನು ಹೊರಡಿಸಿಕೊಂಡು ನಾನೇ ಅಂಗಡಿಗೆ ಹೋದೆ.

ಅಂಗಡಿಯ ಹುಡುಗ ನನ್ನ ಶಾಲೆಯಲ್ಲಿ ಕಲಿತವನು. "ಅಕ್ಕೋರೇ, ಮೊದಲು ಕೆಲಸ ಏನು ಹೇಳಿ, ಆಮೇಲೆ ಸಾಮಾನು ನೋಡುವಾ" ಎಂದ. ಅವನು ಹೇಳಿದ್ದನ್ನು ನಾನು ಅಡಿಗೆಮನೆಯ ಲೆಕ್ಕದಲ್ಲಿ ತಿಳಿದುಕೊಂಡೆ. ಪ್ರೊಸೆಸರ್ ಅಡಿಗೆಯವಳು, ಎಸ್‌ಎಸ್‌ಡಿ ಉಗ್ರಾಣ, ರ‍್ಯಾಮ್ ಅಡಿಗೆ ಕಟ್ಟೆ. ಕಟ್ಟೆ ಸಣ್ಣದಾದರೆ ಅಡಿಗೆಯವಳು ಎಷ್ಟು ಚುರುಕಾದರೂ ಉಗ್ರಾಣಕ್ಕೆ ಓಡಾಡಿಯೇ ಸುಸ್ತು. ಮಗಳ ಒಂದೊಂದು ಚಿತ್ರವೂ ಒಂದರ ಮೇಲೊಂದು ಹತ್ತಾರು ಪದರ. ಅದಕ್ಕೆ 32 ಜಿಬಿ ಕಟ್ಟೆಯಿದ್ದರೆ ಹಾಯಾಗಿರುತ್ತದೆ. ಗ್ರಾಫಿಕ್ಸ್ ಕಾರ್ಡು ಆಟಕ್ಕೆ ಸೆಕೆಂಡಿಗೆ 60 ಚಿತ್ರವಾದರೂ ಬರೆದುಕೊಡಬೇಕು. ಮಗಳ ಚಿತ್ರಕ್ಕೆ ಅಷ್ಟು ದೊಡ್ಡದು ಬೇಡ. ಮುಂದೆ ಬ್ಲೆಂಡರಿನಲ್ಲಿ ಮೂರು ಆಯಾಮದ ಬೊಂಬೆ ಮಾಡಹೊರಟರೆ ಬೇಕಾದೀತು. ಮಾನಿಟರಿನಲ್ಲಿ ಅವನಿಗೆ ವೇಗ ಮುಖ್ಯ, ಅವಳಿಗೆ ಬಣ್ಣದ ನಿಜ: ಐಪಿಎಸ್ ಪರದೆ, ಎಸ್‌ಆರ್‌ಜಿಬಿ ಎಂಬ ಬಣ್ಣದ ಅಳತೆಯಲ್ಲಿ ನೂರಕ್ಕೆ ನೂರರ ಹತ್ತಿರ. "ಕರೆಂಟು ಹಂಚುವ ಎಸ್‌ಎಂಪಿಎಸ್ ಮಾತ್ರ ಅಗ್ಗದ್ದು ಬೇಡ ಅಕ್ಕೋರೇ, ತಾನು ಕೆಟ್ಟು ಉಳಿದದ್ದನ್ನೂ ಕೆಡಿಸೀತು" ಎಂದ. ಮಗನ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದು ಅದೇ! ಅಂತೂ ಕಿವಿರು ಸಿಕ್ಕಿತು.

ಮನೆಗೆ ಬಂದು ಹೊಸ ಪಟ್ಟಿ ಓದಿದಾಗ ಮಗ ಮುಖ ಊದಿಸಿದ. ಅಕ್ಕ ಕೇಳಿದಳು: "ಗೆಳೆಯನ ಮನೆಯಲ್ಲಿ 'ರಾಜಿ' ಆಡಿ ಬಂದು ಅಷ್ಟು ಹೊಗಳಿದೆಯಲ್ಲ, ಅದನ್ನು ಬರೆದವರು ಯಾರು ಹೇಳು?" ಪುಣೆಯ ತಂಡವೊಂದು 2020ರಲ್ಲಿ ಹೊರತಂದ ಆಟವಂತೆ. ತಮ್ಮನನ್ನು ಬಿಡಿಸಿ ತರಲು ಹೊರಟ ಹುಡುಗಿಯ ಕಥೆ; ಪಹಾಡಿ ಚಿತ್ರಗಳ ಛಾಯೆ, ತೊಗಲುಗೊಂಬೆಯಂಥ ನೆರಳಾಟ ಎಲ್ಲ ಇದೆಯಂತೆ ಅದರಲ್ಲಿ. ಆಡುವವನಿಗೆ ಮೊದಲು ಬರೆಯುವವರು ಬೇಕಲ್ಲ! ಮಗ ಸುಮ್ಮನಾದ. ದೀಪದ ಕ್ಯಾಬಿನೆಟ್ ಬಿಟ್ಟುಕೊಟ್ಟ, ಗ್ರಾಫಿಕ್ಸ್ ಕಾರ್ಡು ಒಂದು ಮೆಟ್ಟಿಲು ಇಳಿಯಿತು. ಆ ದುಡ್ಡಿನಲ್ಲಿ ಪೆನ್ ಟ್ಯಾಬ್ಲೆಟ್ ಬಂತು. ತನ್ನದೇ ಪರದೆಯಿರುವುದು ದುಬಾರಿ. ನಮ್ಮದು ಬರಿ ಹಲಗೆ. ಆದರೂ ಪೆನ್ನು ಒತ್ತಿದಷ್ಟು ಗೆರೆ ದಪ್ಪವಾಗುತ್ತದೆ. ಚಿತ್ರ ಬರೆಯುವ ಕ್ರಿಟಾ, ಬೊಂಬೆ ಮಾಡುವ ಬ್ಲೆಂಡರ್ ಎರಡೂ ಪುಕ್ಕಟೆ. ಬಿಲ್ಲನ್ನು ಮಗಳ ಹೆಸರಿನಲ್ಲಿ ಬರೆಸಿದೆ. ಇವರು ಬಿಲ್ಲನ್ನು ಎರಡು ಸಲ ಓದಿದರು, ಏನೂ ಅನ್ನಲಿಲ್ಲ.

ಕಿಟಕಿಯ ಸರಳನ್ನೇ ತಿನ್ನುವ ಉಪ್ಪುಗಾಳಿ ನಮ್ಮದು. ಅದಕ್ಕೇ ಕಂಪ್ಯೂಟರನ್ನು ಕಡಲಿನ ಕಡೆಯ ಕಿಟಕಿಯಿಂದ ದೂರ, ಒಳಗೋಡೆಗೆ ಇಟ್ಟೆವು. ಅರ್ಥಿಂಗ್ ಸರಿ ಮಾಡಿಸಿದೆವು, ಯುಪಿಎಸ್ ಕೂಡಿಸಿದೆವು. ಸುಮ್ಮನೆ ಬಿಟ್ಟರೆ ತೇವ ಹಿಡಿಯುತ್ತದೆ, ದಿನಾ ಹಚ್ಚಿದರೆ ಅದರ ಬಿಸಿಗೇ ಆರುತ್ತದೆ. ಹಾಗಾಗಿ ಸಂಜೆ ಎಂಟರವರೆಗೆ ಅಕ್ಕನ ಸರದಿ, ಆಮೇಲೆ ತಮ್ಮನದು.

ಮೊನ್ನೆ ಮಗಳು ಬಂದರಿನಲ್ಲಿ ಬಂಗಡೆ ಆರಿಸುವ ಹೆಂಗಸೊಬ್ಬಳನ್ನು ಬರೆದಿದ್ದಳು. ಸೆರಗು ಸಿಕ್ಕಿಸಿದ ರೀತಿ ಎಲ್ಲೋ ನೋಡಿದಂತಿತ್ತು! "ಮೀನಿನ ಬೆನ್ನಿನ ಹಸಿರು ಸರಿಯಾಗಲಿಲ್ಲ" ಎಂದೆ.

"ಪರದೆಯ ತಪ್ಪಲ್ಲ ಆಯಿ, ನನ್ನದೇ" ಎಂದವಳು ಅಡಿಗೆಮನೆಗೆ ಹೋಗಿ ಒಂದು ಬಂಗಡೆ ತಂದು ಮಾನಿಟರಿನ ಪಕ್ಕ ಹಿಡಿದಳು.