ಹಾಪ್ಸ್ ಬಿಯರ್: ರುಚಿಗೆ ಎಷ್ಟು, ಲೆಕ್ಕಕ್ಕೆ ಎಷ್ಟು?

ಊರಲ್ಲಿ ಕುಡಿತದ ಮಾತು ಬಂದರೆ ರುಚಿಯ ಸುದ್ದಿ ಯಾರೂ ಎತ್ತುವುದಿಲ್ಲ. ಎಷ್ಟು ಕುಡಿದ, ಎಲ್ಲಿ ಬಿದ್ದ, ಮನೆಯಲ್ಲಿ ಏನಾಯಿತು, ಇಷ್ಟೇ. 2007ರಲ್ಲಿ ಸಾರಾಯಿ ನಿಂತಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. 90 ಎಂಎಲ್ ಪ್ಯಾಕೆಟ್ಟಿನ ತುದಿ ಹರಿದು ಒಂದೇ ಗುಟುಕಿಗೆ ಇಳಿಸುವವರು ನಾಲಗೆಗೆ ಕೆಲಸವನ್ನೇ ಕೊಡುವುದಿಲ್ಲ. ಹಾಗಾಗಿ ಬಿಯರಿನ ರುಚಿ ನೋಡಿ ಬರೆಯುತ್ತೇವೆ ಅಂದಾಗ ನಮ್ಮ ಅಮ್ಮಂದಿರು ಬೈಯಲೂ ಇಲ್ಲ, ನಗಲೂ ಇಲ್ಲ. ಸುಮ್ಮನಾದರು. ಯಾಕೆಂದು ನಮಗೆ ಗೊತ್ತು. ನಮ್ಮಲ್ಲೊಬ್ಬರ ಮನೆಯ ಎರಡು ಎಕರೆ ಅಜ್ಜನ ಸಾರಾಯಿ ಸಾಲಕ್ಕೇ ಹೋಗಿದೆ.

ಆದರೂ 2024ರಲ್ಲಿ ಮೂವರು ಬೆಂಗಳೂರಿನ ಒಂದು ಮೈಕ್ರೋಬ್ರೂವರಿಗೆ ಹೋದೆವು. ಅಂದರೆ ಬಿಯರನ್ನು ಅಲ್ಲೇ ತಯಾರಿಸಿ, ಅಲ್ಲೇ ಕೊಡುವ ಜಾಗ. ಕೇಳಿದ್ದು ಐಪಿಎ, ಇಂಡಿಯಾ ಪೇಲ್ ಏಲ್. ಹೆಸರಲ್ಲಿ ಇಂಡಿಯಾ ಇದ್ದರೂ ಇದು ಇಂಗ್ಲೆಂಡಿನ ಕೂಸು. ಬ್ರಿಟಿಷರ ಕಾಲದಲ್ಲಿ ಇಲ್ಲಿದ್ದ ತಮ್ಮವರಿಗೆ ಅವರು ಹಡಗಿನಲ್ಲಿ ಬಿಯರ್ ಕಳಿಸುತ್ತಿದ್ದರು. ತಿಂಗಳುಗಟ್ಟಲೆ ದಾರಿ, ಮೇಲೆ ಸೆಕೆ. ಉಪ್ಪಿನಕಾಯಿ ಕೆಡದಿರಲೆಂದು ನಾವು ಉಪ್ಪು ಮುಂದಾಗಿ ಹಾಕಿದ ಹಾಗೆ, ಅವರು ಹಾಪ್ಸ್ ಹೆಚ್ಚು ಹಾಕುತ್ತಿದ್ದರು.

ಹಾಪ್ಸ್ ಅಂದರೆ ಒಂದು ಬಳ್ಳಿಯ ಹೂವು. ಗಾಂಜಾ ಗಿಡದ ಕುಟುಂಬದ್ದೇ, ಆದರೆ ಆ ಅಮಲು ಇದರಲ್ಲಿಲ್ಲ. ಬೇಸಿಗೆಯಲ್ಲಿ ಹಗಲು ತುಂಬ ಉದ್ದವಿರುವ ತಂಪು ನಾಡಿನ ಬೆಳೆ. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆದದ್ದುಂಟು. ಹೂವಿನ ಎಸಳು ಬಿಡಿಸಿದರೆ ಅರಿಶಿನದಂಥ ಪುಡಿ. ಮೊಳಕೆ ಬಾರ್ಲಿಯಿಂದ ತೆಗೆದ ಸಿಹಿ ನೀರಿನಲ್ಲಿ ಇದನ್ನು ಗಂಟೆ ಹೊತ್ತು ಕುದಿಸಿದರೆ ಕಹಿ ಬಿಡುತ್ತದೆ, ಪರಿಮಳ ಹಾರಿಹೋಗುತ್ತದೆ. ಕುದಿಯೆಲ್ಲ ಮುಗಿದು ತಣ್ಣಗಾದ ಮೇಲೆ ಹಾಕಿದರೆ ಪರಿಮಳ ನಿಲ್ಲುತ್ತದೆ, ಕಹಿ ಅಷ್ಟಾಗಿ ಇಳಿಯುವುದಿಲ್ಲ. ಸಾರಿಗೆ ಕೊತ್ತಂಬರಿ ಸೊಪ್ಪನ್ನು ಕೊನೆಗೆ ಉದುರಿಸುವ ಲೆಕ್ಕವೇ.

ಈಗ ರುಚಿ. ಬಣ್ಣ ಹೊಸ ಜೇನಿನದು, ಮೇಲೆ ಬೆರಳಗಲ ಬಿಳಿ ನೊರೆ. ಮೂಗಿನ ಹತ್ತಿರ ತಂದರೆ ಹೇರಳೆಕಾಯಿ ಸಿಪ್ಪೆಯನ್ನು ಉಗುರಲ್ಲಿ ಗೀರಿದ ವಾಸನೆ, ಹಿಂದೆಯೇ ಅರೆಹಣ್ಣಾದ ಮಾವು. ಮೊದಲ ಗುಟುಕಿಗೆ ಬಾರ್ಲಿಯ ಸಣ್ಣ ಸಿಹಿ. ಆಮೇಲೆ ಕಹಿ. ಹಾಗಲಕಾಯಿಯ ಕಹಿಯಲ್ಲ, ಬೇವಿನದೂ ಅಲ್ಲ. ಹೇರಳೆಯ ಸಿಪ್ಪೆಯ ಒಳಗಿನ ಬಿಳಿ ಪದರದ ಕಹಿ. ನುಂಗಿದ ಮೇಲೂ ಒಗರು ನಾಲಗೆಯ ಬುಡದಲ್ಲಿ ಕೂತಿರುತ್ತದೆ. ಒಬ್ಬರಿಗೆ ಹಿಡಿಸಿತು. ಇನ್ನೊಬ್ಬರು ಅರ್ಧಕ್ಕೆ ಬಿಟ್ಟರು. ಮೂರನೆಯವರು ಮಸಾಲೆ ಕಡಲೆಬೀಜ ಇಲ್ಲದೆ ಇದು ಇಳಿಯೋದಿಲ್ಲ ಅಂದರು. ಪರಿಮಳಕ್ಕೆ 10ಕ್ಕೆ 8, ಕೊನೆಯ ಒಗರಿಗೆ 5.

ಲೆಕ್ಕವನ್ನೂ ನೋಡಿ. ಅದರಲ್ಲಿ ಮದ್ಯಸಾರ ಶೇಕಡಾ 6. 330 ಎಂಎಲ್ ಗ್ಲಾಸಿಗೆ ಸುಮಾರು 20 ಎಂಎಲ್ ಆಯಿತು. ಪ್ಯಾಕೆಟ್ಟಿನ ವಿಸ್ಕಿಯಲ್ಲಿ ಶೇಕಡಾ 42.8, ಅಂದರೆ 90 ಎಂಎಲ್‌ಗೆ ಸುಮಾರು 38. ಎರಡು ಗ್ಲಾಸು ಇಳಿಸಿದರೆ ಒಂದು ಪ್ಯಾಕೆಟ್ಟಿಗೆ ಸಮ. ಬಿಯರ್ ಎಲ್ಲಾ ಕುಡಿತವೇ ಅಲ್ಲ ಅನ್ನುವವರು ಇದನ್ನು ನೆನಪಿಡಬೇಕು.

ಗ್ಲಾಸಿಗೆ 380 ರೂಪಾಯಿ. ಆ ವರ್ಷ ನಮ್ಮ ರಾಜ್ಯದಲ್ಲಿ ನರೇಗಾ ಕೂಲಿ ದಿನಕ್ಕೆ 349. ಒಂದು ಗ್ಲಾಸಿಗೆ ನಾವು ಮುಕ್ಕಾಲು ಗಂಟೆ ಕೂತೆವು, ಯಾರೂ ಏಳಿ ಅನ್ನಲಿಲ್ಲ. ನಮ್ಮೂರಿನ ಅಂಗಡಿ ಮುಂದೆ ನಿಂತು ಕುಡಿಯುವವನಿಗೆ ಕುರ್ಚಿಯೂ ಇಲ್ಲ, ಪುರುಸೊತ್ತೂ ಇಲ್ಲ. ಅವನನ್ನು ಕುಡುಕ ಅನ್ನುತ್ತಾರೆ, ನಮ್ಮನ್ನು ರುಚಿ ಬಲ್ಲವರು ಅನ್ನುತ್ತಾರೆ. ಒಳಗೆ ಹೋದ ಮೇಲೆ ಈಲಿಗೆ ಈ ಭೇದವೆಲ್ಲ ಗೊತ್ತಾಗುವುದಿಲ್ಲ.

ಹಾಗಾದರೆ ಕುಡಿಯಬಹುದಾ ಅಂತ ಕೇಳುತ್ತೀರಿ. ಕುಡಿಯದವರು ಇದಕ್ಕಾಗಿ ಶುರು ಮಾಡಬೇಡಿ. ಕುಡಿಯುವವರು ಒಂದು ಗ್ಲಾಸಿಗೆ ನಿಲ್ಲಿಸಬಲ್ಲಿರಾ ಎಂದು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಬರೀ ಆ ಪರಿಮಳ ಹೇಗಿರುತ್ತದೆ ಎಂದು ತಿಳಿಯಬೇಕಿದ್ದರೆ, ಹಿತ್ತಲಿನ ಹೇರಳೆ ಗಿಡದಿಂದ ಒಂದು ಕಾಯಿ ಕಿತ್ತು ಸಿಪ್ಪೆ ಗೀರಿ. ಮುಕ್ಕಾಲು ಪಾಲು ಅದೇ.